ಪಾಲಿನ ಎಮ್ಮೆ

"ನಾ ಹಿಂಡದ ಹಾಲು ನನ್ನ ಹೆಸರಿಗಿ ಹೆಂಗ ಬಂತ ಶುಭಾ? ಮೊದಲ ಅದನ್ನ ಹೇಳು."

ಮಲಕವ್ವ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಹಾಲು ಒಕ್ಕೂಟದ ಚಿಕ್ಕೋಡಿ ಕಚೇರಿಯ ಕಂಪ್ಯೂಟರ್ ಕೋಣೆಗೆ ನೇರವಾಗಿ ನುಗ್ಗಿದ್ದಳು. ಅಲಖನೂರಿನಿಂದ ಬಸ್ಸು ಬದಲಿಸಿ ಬಂದ ದಣಿವು ಮುಖದಲ್ಲಿ ಕಾಣುತ್ತಿರಲಿಲ್ಲ, ಸಿಟ್ಟು ಮಾತ್ರ ಕಾಣುತ್ತಿತ್ತು. ಕೈಯಲ್ಲಿ ಮೊಬೈಲು ಹಿಡಿದಿದ್ದಳು. ಅದರಲ್ಲಿ ಡೇರಿಯಿಂದ ಬಂದ ಸಂದೇಶವನ್ನು ಮಗ ಅಮೋಘಸಿದ್ದ ಬೆಳಿಗ್ಗೆ ಓದಿ ಹೇಳಿದ್ದ.

ಶುಭಾಂಗಿ ಎದ್ದು ಕುರ್ಚಿ ಎಳೆದುಕೊಟ್ಟಳು. ತನ್ನನ್ನು ತೊಟ್ಟಿಲಲ್ಲಿದ್ದಾಗಿನಿಂದ ಬಲ್ಲ ಮುದುಕಿ.

"ಕುಂಡ್ರ ಆಯಿ. ನೀರ ಕುಡಿ."

"ನೀರ ಆಮ್ಯಾಲ. ನಾ ಕುರಿ ಹಿಂದ ಅಡ್ಡಾಡಾಕಿ. ಡೇರಿಗಿ ಒಂದ ವಾಟಗಾ ಹಾಲ ಹಾಕಿದಾಕಿ ಅಲ್ಲ. ನಿಮ್ಮವ್ವ ಹಾಕೂ ಹಾಲೆಲ್ಲಾ ನನ್ನ ಹೆಸರಿಗಿ ಬರಾಕತ್ತೈತಿ. ನಾಳಿನ ಓಟೂ ನಂದ ಅಂತ! ಸುಂದರಾನ ಹೆಸರ ತಗದಾರಂತ. ಊರ ಮಂದಿ ನನಗ ಏನ ಅಂದಾರು?"

ನಾಳೆ ಅಲಖನೂರಿನ ಮಹಿಳಾ ಹಾಲು ಸಂಘದ ಅಧ್ಯಕ್ಷರ ಆಯ್ಕೆ. ಈ ಸಲ ಶುಭಾಂಗಿಯ ಅವ್ವ ಸುಂದರಾ ಆಗಲಿ ಎಂದು ಹೆಂಗಸರೆಲ್ಲ ಒಪ್ಪಿಕೊಂಡಿದ್ದರು. ಸುಂದರಾನ ಕೇರಿಯಿಂದ ಆ ಕುರ್ಚಿಯ ಮೇಲೆ ಇದುವರೆಗೆ ಯಾರೂ ಕೂತಿರಲಿಲ್ಲ. ಕಬ್ಬು ಕಡಿಯಲು ಹೋಗುವ ಅಪ್ಪ ಗುರಪ್ಪ ಹೊಸ ಅಂಗಿ ಹೊಲಿಸಿ ಮಡಚಿ ಇಟ್ಟಿದ್ದ. ಈಗ ನೋಡಿದರೆ ಅವ್ವ ಸಂಘದ ಸದಸ್ಯೆಯೇ ಅಲ್ಲ.

ಮಲಕವ್ವನಿಗೆ ಗೊತ್ತಿರಲಿಲ್ಲ, ಆಕೆ ದೂರು ತಂದದ್ದು ಶುಭಾಂಗಿಯ ಹೆಮ್ಮೆಯ ಮೇಲೆಯೇ. ಒಕ್ಕೂಟದಲ್ಲಿ ಹಾಲಿನ ಲೆಕ್ಕ ಒಂದು ಕಂಪ್ಯೂಟರಿನಲ್ಲಿ, ದನದ ಡಾಕ್ಟರರ ಕಿವಿಬಿಲ್ಲೆಯ ವಿವರ ಇನ್ನೊಂದರಲ್ಲಿ, ವಿಮೆಯದು ಮತ್ತೊಂದರಲ್ಲಿ ಇದ್ದವು. ಒಂದಕ್ಕೊಂದು ಮಾತಿಲ್ಲ, ಮೂರೂ ಮೂರು ದಿಕ್ಕು. ಎಲ್ಲವನ್ನೂ ಒಂದೇ ಕಡೆ ಸುರಿದುಬಿಡಿ ಎಂದು ದೊಡ್ಡವರು ಹೇಳಿದರು. ತನ್ನದನ್ನು ಬಿಟ್ಟುಕೊಡಲು ಯಾವ ವಿಭಾಗವೂ ತಯಾರಿರಲಿಲ್ಲ. ಶುಭಾಂಗಿ ಯಾವುದನ್ನೂ ಕದಲಿಸಲಿಲ್ಲ. ಮೂರರ ಮೇಲೆ ಅರ್ಥಗಳದೊಂದು ಬಲೆ ಹೆಣೆದಳು. ಜಾನುವಾರು ಎಂದರೇನು, ಮಾಲಕ ಎಂದರೆ ಯಾರು, ಕರು ಯಾರದು, ಹಾಲು ಯಾರದು, ಯಾವುದಕ್ಕೆ ಯಾವುದು ಸಂಬಂಧ ಎಂದು ಒಂದೊಂದಾಗಿ ಬರೆದಳು. ಮೇಲೆ ಏನೂ ಕೂಡಿಡುವುದಿಲ್ಲ. ಪ್ರಶ್ನೆ ಮೇಲೆ ಕೇಳಿದರೆ ಉತ್ತರ ಕೆಳಗಿನ ಮೂರೂ ಕಡೆಯಿಂದ ಕೂಡಿ ಬರುತ್ತದೆ. ಈ ದೀಪಾವಳಿಯಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಳು: ಮೇಲೆ ಒಂದು ಮಾತು ತಿದ್ದಿದರೆ ಸಾಕು, ತಿದ್ದುಪಡಿ ತಾನೇ ದಾರಿ ಹುಡುಕಿಕೊಂಡು ಕೆಳಗಿನ ಮೂಲ ಲೆಕ್ಕಗಳಿಗೆ ಇಳಿಯುತ್ತದೆ. ಬೆಳಗಾವಿಯಿಂದ ಸಾಹೇಬರು ಬಂದು ನೋಡಿ ಬೆನ್ನು ತಟ್ಟಿದ್ದರು. ತಟ್ಟಿದ್ದು ವಿಭಾಗದ ಮುಖ್ಯಸ್ಥ ಧರಣೇಂದ್ರರ ಬೆನ್ನು, ಅದು ಬೇರೆ ಮಾತು. "ನಮ್ಮ ಕೆಲಸ, ನಮ್ಮ ಐಡಿಯಾ" ಎಂದು ಅವರು ಆ ದಿನವೆಲ್ಲ ಹೇಳಿಕೊಂಡು ತಿರುಗಾಡಿದ್ದರು.

"ಆಯಿ, ಈಗಿತ್ಲಾಗ ನೀ ಡಾಕ್ಟರ್ ಕಡೆ ಹೋಗಿದ್ದೇನು?"

"ಹೋಗಿದ್ನಿ. ಎಮ್ಮಿ ಕಿವ್ಯಾಗ ಬಿಲ್ಲೆ ಹೊಡದೋರು ಮಾಲಕಿ ಸುಂದರಾ ಅಂತ ಬರಕೊಂಡಿದ್ರು. ಅವರ ಅಂಗಳದಾಗ ಕಟ್ಟಿತ್ತಲಾ. ವಿಮಾ ಮಾಡಸೂದಿತ್ತು, ಅದಕ್ಕ ನನ್ನ ಹೆಸರ ಹಾಕ್ರಿ ಅಂದ್ನಿ. ಎಮ್ಮಿ ನಂದ ಹೌದಲ್ಲೊ?"

ಹೌದು, ನೂರಕ್ಕೆ ನೂರು ಆಕೆಯದೇ. ಅದು ಇನ್ನೂ ಈಯದ ಮಣಕವಾಗಿದ್ದಾಗ ಸುಂದರಾಗೆ ಪಾಲಿಗೆ ಸಾಕಲು ಕೊಟ್ಟವಳು ಮಲಕವ್ವ. ಎಮ್ಮೆ ಕೊಟ್ಟವರದು, ಹಾಲು ಸಾಕಿದವರದು, ಹುಟ್ಟುವ ಕರುಗಳಲ್ಲಿ ಒಂದು ಅವರಿಗೆ ಒಂದು ಇವರಿಗೆ. ಆ ಕಡೆಯ ಊರುಗಳಲ್ಲಿ ಇದನ್ನು ಯಾರೂ ಬರೆದಿಡುವುದಿಲ್ಲ, ಬರೆದಿಡಬೇಕೆಂದು ಯಾರಿಗೂ ಅನಿಸಿಯೂ ಇಲ್ಲ.

ಕೆಳಗೆ ಏನಾಗಿದೆ ಎಂದು ಶುಭಾಂಗಿಗೆ ನೋಡುವ ಮೊದಲೇ ಹೊಳೆದಿತ್ತು. ಡಾಕ್ಟರರು ಮೇಲೆ ಮಾಲಕಿಯ ಹೆಸರು ತಿದ್ದಿದ್ದಾರೆ. ಹಾಲು ಹಾಕುವವರೇ ಮಾಲಕರು ಎಂದು ಅವಳೇ ಕಲಿಸಿದ್ದರಿಂದ ಬಲೆ ಆ ತಿದ್ದುಪಡಿಯನ್ನು ನಿಷ್ಠೆಯಿಂದ ಹಾಲಿನ ಲೆಕ್ಕಕ್ಕೂ ಇಳಿಸಿದೆ. ಹಾಲಿನ ಹಿಂದೆ ಸದಸ್ಯತ್ವ ಹೋಗಿದೆ, ಸದಸ್ಯತ್ವದ ಹಿಂದೆ ಓಟು.

ಹಾಗೆ ಯಾಕೆ ಕಲಿಸಿದಳು? ಪಾಲಿನ ಎಮ್ಮೆಯ ಹಾಲು ಕುಡಿದು ಬೆಳೆದವಳಿಗೆ ಪಾಲು ಎಂದರೇನೆಂದು ಗೊತ್ತಿರಲಿಲ್ಲವೇ? ಶಾಲೆಯಲ್ಲಿ ಗೆಳತಿಯರ ಮುಂದೆ "ನಮ್ಮ ಎಮ್ಮಿ" ಎಂದು ಜಂಬ ಕೊಚ್ಚಿದವಳು ಅವಳೇ. ಬಲೆ ಹೆಣೆದ ದಿನ ಪರೀಕ್ಷೆಗೆಂದು ಮೊದಲು ಹುಡುಕಿದ್ದೂ ಆ ಎಮ್ಮೆಯನ್ನೇ. ಪರದೆಯ ಮೇಲೆ "ಮಾಲಕಿ: ಸುಂದರಾ ಗುರಪ್ಪ ಕಾಂಬಳೆ" ಎಂದು ಮೂಡಿದಾಗ ಸುಳ್ಳೆಂದು ಗೊತ್ತಿದ್ದೂ ಕಣ್ಣು ಕೀಳಲಾಗಿರಲಿಲ್ಲ. ಅಷ್ಟು ಚಂದ ಕಂಡಿತ್ತು ಅದು. ಚಂದ ಕಂಡದ್ದನ್ನು ಹಾಗೆಯೇ ಬಿಟ್ಟಳು.

ಗದ್ದಲ ಕೇಳಿ ಧರಣೇಂದ್ರ ಬಂದರು. ವಿಷಯ ತಿಳಿದ ಮೇಲೆ ಹಗುರಾಗಿ ಕೈ ಬೀಸಿದರು.

"ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತಿ? ಮಾಲಕಿ ಸುಂದರಾ ಅಂತ ವಾಪಸ್ ಹಾಕಿಬಿಡು. ನಿಮ್ಮವ್ವ ನಾಳೆ ಆರಿಸಿ ಬರ್ಲಿ. ಉಳದದ್ದ ಆಮ್ಯಾಲ ನೋಡೂಣು."

ಮಲಕವ್ವನೂ ತಲೆಯಾಡಿಸಿದಳು. "ಹಾಕ ಶುಭಾ. ನಂದೇನ ತಕರಾರ ಇಲ್ಲ. ಸುಂದರಾ ಏನ ನನ್ನ ಎಮ್ಮಿ ತಿಂದಾಳೇನು?"

ಶುಭಾಂಗಿಯ ಬೆರಳು ಕೀಲಿಯ ಮೇಲಿತ್ತು. ಒತ್ತಿದರೆ ಮುಗಿಯಿತು. ಅವ್ವನಿಗೆ ಕುರ್ಚಿ, ಅಪ್ಪನಿಗೆ ಹೊಸ ಅಂಗಿ ಹಾಕಿಕೊಳ್ಳುವ ಸುಖ. ಮಲಕವ್ವನ ಎಮ್ಮೆ ಮಾತ್ರ ಮತ್ತೆ ಪರರ ಹೆಸರಿಗೆ. ನಾಳೆ ಎಮ್ಮೆಗೆ ಹೆಚ್ಚುಕಡಿಮೆಯಾದರೆ ವಿಮೆಯವರು ಈ ಮುದುಕಿಯನ್ನು ನೀ ಯಾರು ಎಂದು ಕೇಳುತ್ತಾರೆ. ಬೆರಳು ತೆಗೆದು ಅವ್ವನಿಗೆ ಫೋನು ಮಾಡಿದಳು. ಸುಂದರಾ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಎಮ್ಮಿ ಯಾರದು?"

"ಮಲಕವ್ವ ಆಯೀದು."

"ಹಾಲ?"

"ನಿಂದು."

"ಹಂಗ ಬರಿ. ಹಂಗ ಬರಿಯಾಕ ನಿನ್ನ ಮಶೀನಿಗಿ ಬರಂಗಿಲ್ಲಂದ್ರ ಆ ಕುರ್ಚಿ ನನಗ ಬ್ಯಾಡ. ಇನ್ನೊಬ್ಬರ ಎಮ್ಮಿ ನಂದ ಅಂತ ಹೇಳಿ ನಾ ಮ್ಯಾಲ ಕುಂಡ್ರಂಗಿಲ್ಲ." ಕುಡುಗೋಲಿನ ಸದ್ದು ಮತ್ತೆ ಶುರುವಾಯಿತು. "ನಿನಗ ಬರತೈತಿ. ನೀ ನನ್ನ ಮಗಳದಿ."

ಫೋನು ಇಟ್ಟ ಮೇಲೆ ಶುಭಾಂಗಿ ಮೊದಲು ಮೇಲಿಂದ ಕೆಳಗಿಳಿಯುವ ದಾರಿಯನ್ನು ಮುಚ್ಚಿದಳು. ಆಮೇಲೆ ಒಂದಾಗಿದ್ದ ಸಂಬಂಧವನ್ನು ಒಡೆದು ಎರಡು ಮಾಡಿದಳು: ಒಡೆತನ ಒಂದು, ಸಾಕಣೆ ಒಂದು. ಒಡತಿಯ ಹೆಸರು ತಿದ್ದಿದರೆ ಅದು ಬಿಲ್ಲೆಗೂ ವಿಮೆಗೂ ಇಳಿಯಬೇಕು, ಹಾಲಿನ ತಂಟೆಗೆ ಹೋಗಕೂಡದು. ಹಾಲು, ಅದರ ಹಿಂದೆ ಸದಸ್ಯತ್ವ, ಸಾಕುವವಳ ಹೆಸರಿಗೇ ಹೋಗಬೇಕು. ಕರು ಹುಟ್ಟಿದರೆ ಯಾರದೆಂದು ಬಲೆ ತಾನೇ ತೀರ್ಮಾನಿಸಬಾರದು. ಎಲ್ಲಿಗೆ ಇಳಿಯಬೇಕೆಂದು ತಿಳಿಯದ ತಿದ್ದುಪಡಿ ಮೇಲೆಯೇ ನಿಂತು ಇಬ್ಬರನ್ನೂ ಕೇಳಬೇಕು. ಈ ಕೊನೆಯದನ್ನು ಬರೆಯುವಾಗ ಅವಳಿಗೆ ದೀಪಾವಳಿಯ ದಿನಕ್ಕಿಂತ ಹೆಚ್ಚು ಹಿಗ್ಗಾಯಿತು. ಅಂದು ಮಾಡಿದ್ದು ಜಾಣತನದ ಕೆಲಸ, ಇಂದಿನದು ಸರಿಯಾದ ಕೆಲಸ ಅನಿಸಿತು.

"ಸರ್, ಇದು ನಮ್ಮ ಮನಿ ಎಮ್ಮಿ ಒಂದರದ ಅಲ್ರಿ. ತೆಲಸಂಗದ ಕಡೆ ಆಡನ್ನೂ ಪಾಲಿಗಿ ಸಾಕತಾರ. ಎಲ್ಲಾ ಊರಾಗೂ ಐತ್ರಿ. ತಪ್ಪ ನಂದು. ಬೆಳಗಾವಿಗಿ ತಿಳಸಬೇಕ್ರಿ."

ಧರಣೇಂದ್ರ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಬೆಳಗಾವಿಗೆ ತಾವೇ ಫೋನು ಹಚ್ಚಿದರು. "ನಮಸ್ಕಾರ್ರಿ ಸಾಹೇಬ್ರ. ನಮ್ಮ ತಪ್ಪೊಂದು ಸಿಕ್ಕೈತ್ರಿ" ಎಂದರು. ನಮ್ಮ ಎಂಬ ಮಾತನ್ನು ಅವರು ತಪ್ಪಿಗೂ ಬಳಸಬಲ್ಲರೆಂದು ಕಚೇರಿಗೆ ಆ ದಿನ ಗೊತ್ತಾಯಿತು. ಶುಭಾಂಗಿಗೆ ಅವರ ಮೇಲೆ ಮೊದಲ ಸಲ ಪ್ರೀತಿ ಬಂತು.

ಮರುದಿನ ಅಲಖನೂರಿನ ಸಂಘದ ಕೋಣೆಯಲ್ಲಿ ಕಾರ್ಯದರ್ಶಿ ಶೇವಂತಾ ಸದಸ್ಯರ ಹೆಸರು ಕೂಗುತ್ತ ಬಂದಳು. "ಸುಂದರಾ ಗುರಪ್ಪ ಕಾಂಬಳೆ" ಎಂದಾಗ ಸುಂದರಾ "ಅದೀನ್ರಿ" ಎಂದದ್ದು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತ ಗಂಡಸರಿಗೂ ಕೇಳಿಸಿತು. ಗುರಪ್ಪ ಹೊಸ ಅಂಗಿಯ ಗುಂಡಿಯನ್ನು ಸುಮ್ಮನೆ ಮುಟ್ಟಿ ನೋಡಿಕೊಂಡ. ಬೇರೆ ಯಾರೂ ನಿಲ್ಲಲಿಲ್ಲ. ಸುಂದರಾ ಕುರ್ಚಿಯ ಮೇಲೆ ಕೂತಳು, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೇಜಿನ ಮೇಲಿಟ್ಟು. ಎಲ್ಲರೂ ನೋಡುತ್ತಿದ್ದರೂ ತಲೆ ತಗ್ಗಿಸಲಿಲ್ಲ.

ಸಂಜೆ ಹಾಲಿನ ಹೊತ್ತಿಗೆ ಅಧ್ಯಕ್ಷೆ ಕ್ಯಾನು ಹಿಡಿದು ಎಲ್ಲರಂತೆ ಸಾಲಿನಲ್ಲಿ ನಿಂತಿದ್ದಳು. ಮುಂದೆ ಹೋಗೆಂದು ಹೆಂಗಸರು ದೂಡಿದರೂ ಹೋಗಲಿಲ್ಲ. ಕುರಿ ಹೊಡೆದುಕೊಂಡು ಹೊರಟಿದ್ದ ಮಲಕವ್ವ ಅಲ್ಲೇ ನಿಂತಳು. ಶುಭಾಂಗಿ ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟು ತೆರೆದು ಇಬ್ಬರನ್ನೂ ಕರೆದಳು. ಪರದೆಯ ಮೇಲೆ ಸಾಲಾಗಿ ಮೂರು ದುಂಡು ಬೊಟ್ಟುಗಳು, ಅವನ್ನು ಕೂಡಿಸುವ ಎರಡು ಗೆರೆಗಳು.

"ನಂದ ಯಾವದ?" ಎಂದಳು ಮಲಕವ್ವ.

ಸುಂದರಾ ಆಕೆಯ ಒರಟು ಬೆರಳನ್ನು ಹಿಡಿದು ಪರದೆಗೆ ತಾಕಿಸಿದಳು. "ಇದು ನೀ." ಬೆರಳನ್ನು ಗೆರೆಯ ಗುಂಟ ಎಳೆದು ಇನ್ನೊಂದು ತುದಿಗೆ ತಂದಳು. "ಇದು ನಾ."

"ಈ ನಡುವಿಂದು?"

"ಎಮ್ಮಿ."

ಮಲಕವ್ವ ಬೆರಳು ತೆಗೆಯಲಿಲ್ಲ. ಕೊಟ್ಟಿಗೆಯ ಕಡೆಯಿಂದ ಎಮ್ಮೆ ಕೂಗಿತು. ಇಬ್ಬರೂ ಒಟ್ಟಿಗೇ ತಲೆಯೆತ್ತಿ ಅತ್ತ ನೋಡಿದರು.