ಕ್ಯಾಮೆರಾಕ್ಕೆ ಮೊದಲು ಹೊಗೆ

ಕೆ.ಆರ್. ಪುರದ ನಮ್ಮ ಟ್ರಸ್ಟ್ ಕ್ಲಿನಿಕ್ಕಿನಲ್ಲಿ ಉಬ್ಬಸದವರನ್ನು ಕ್ಯಾಮೆರಾ ಮುಂದೆ ಕೂರಿಸುವ ಮೊದಲು ಪಕ್ಕದ ಕೋಣೆಯಲ್ಲಿ ಹೊಗೆ ಕೊಡಬೇಕು. ಹೊಗೆ ಎಂದರೆ ನೆಬ್ಯುಲೈಜರ್. ಮಾಸ್ಕಿನೊಳಗೆ ಔಷಧಿ ಆವಿಯಾಗಿ ಬರುವುದನ್ನು ನೋಡಿ ಜನ ಹಾಗೆ ಕರೆಯುತ್ತಾರೆ. ಒಂದಷ್ಟು ಹೊತ್ತು ಅದನ್ನೆಳೆದರೆ ಎಂಥವರಿಗೂ ಎದೆ ಸಡಿಲವಾಗುತ್ತದೆ, ಮಾತು ಬರುತ್ತದೆ. ಆಮೇಲೆ ಟೀವಿ ಕೋಣೆ, ತೆರೆಯ ಮೇಲೆ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೂತ ಡಾಕ್ಟರು.

ಈ ಕಾನೂನು ನಮ್ಮ ಮ್ಯಾನೇಜರ್ ಲಕ್ಷ್ಮಿಕಾಂತ ಅವರದು. “ಏದುಸಿರು ಬಿಡೋರನ್ನ ಕೂರಿಸಿದ್ರೆ ಡಾಕ್ಟ್ರು ಏನ್ರೀ ಕೇಳ್ತಾರೆ? ಲೈನ್ ಕಟ್ ಆಗೋದ್ರೊಳಗೆ ಎಲ್ಲಾರ್ದೂ ಮುಗೀಬೇಕು. ನೋಡೋಕೂ ನೀಟಾಗಿರುತ್ತೆ.”

ನೋಡೋಕೆ ನೀಟು! ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಇಂಥ ಕ್ಲಿನಿಕ್ಕು ಇಡೀ ಓಲ್ಡ್ ಮದ್ರಾಸ್ ರೋಡಿನಲ್ಲೇ ಇಲ್ಲ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಡಾಕ್ಟರಿಗೆ ಕನ್ನಡ ಬಾರದು. ಅವರ ಇಂಗ್ಲಿಷನ್ನು ಕನ್ನಡ ಮಾಡುವುದು, ರೋಗಿಯ ಕನ್ನಡವನ್ನು ಇಂಗ್ಲಿಷ್ ಮಾಡುವುದು ನನ್ನ ಕೆಲಸ. ಬಿ.ಎಸ್ಸಿ. ಮುಗಿಸಿಯೂ ಇಂಟರ್‌ವ್ಯೂಗಳಲ್ಲಿ ಬಾಯಿ ಬಿಡಲಾರದವಳಿಗೆ ಈ ಕೆಲಸ ಸಿಕ್ಕಿದ್ದೇ ಆ ಕಾರಣಕ್ಕೆ. “ರೇವತಿ ತನ್ನದೇನೂ ಸೇರ್ಸಲ್ಲ, ಬಹಳ ಒಳ್ಳೇ ಹುಡುಗಿ” ಎಂದು ಲಕ್ಷ್ಮಿಕಾಂತ ನನ್ನೆದುರೇ ಹೊಗಳುತ್ತಿದ್ದರು.

ಭೀಮಬಾಯಿ ಯಾದಗಿರಿ ಕಡೆಯವಳು. ಹೊರಮಾವಿನಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಸಿಮೆಂಟು ಕಲಸುವ ಕಡೆ ಕೆಲಸ. ಟೀವಿಯಲ್ಲಿ ಕಾಣಿಸಿಕೊಳ್ಳಬೇಕೆಂದು ತಲೆಗೆ ಎಣ್ಣೆ ಹಚ್ಚಿ, ಹಸಿರು ಇಳಕಲ್ ಸೀರೆ ಉಟ್ಟು ಬರುತ್ತಿದ್ದಳು. ಹೋದ ತಿಂಗಳೂ ಏದುಸಿರು ಬಿಡುತ್ತ ಬಂದು, ಹೊಗೆ ಎಳೆದು ಕೂತಾಗ ಡಾಕ್ಟರು ಕೇಳಿದರು, ಈಗ ಹೇಗಿದೆ?

“ಈಗ ಆರಾಮ್ ಅದರಿ,” ಎಂದಳು. ಸುಳ್ಳೇನಲ್ಲ. ಈಗ ಆರಾಮಿತ್ತು.

ಡಾಕ್ಟರಿಗೆ ಖುಷಿ. ಇಷ್ಟು ಚೆನ್ನಾಗಿದ್ದರೆ ದಿನಾ ಎಳೆಯುವ ಕಂದು ಪಂಪು, ಅಂದರೆ ಕಂದು ಬಣ್ಣದ ಇನ್‌ಹೇಲರು, ಇನ್ನು ಬೇಡ, ಉಬ್ಬಸ ಬಂದಾಗ ಮಾತ್ರ ನೀಲಿ ಪಂಪು ಸಾಕು ಎಂದರು. ಟ್ರಸ್ಟು ಆಕೆಗೆ ಕಂದು ಪಂಪು ಕೊಡುವುದನ್ನು ಅವತ್ತೇ ನಿಲ್ಲಿಸಿತು. ಉಬ್ಬಸ ವಿಪರೀತಕ್ಕೆ ಏರದ ಹಾಗೆ ತಡೆಯುತ್ತಿದ್ದುದು ಅದೊಂದೇ.

ಈ ಗುರುವಾರ ಆಕೆ ಮೆಟ್ಟಿಲ ಕಂಬಿ ಹಿಡಿದು ಹತ್ತಿ ಬಂದು ಬಾಗಿಲಲ್ಲೇ ಕುಸಿದಳು. ಹಸಿರು ಸೀರೆ ಇಲ್ಲ. ಸಿಮೆಂಟು ಮೆತ್ತಿದ ಕೆಲಸದ ಬಟ್ಟೆ. ಭುಜಗಳು ಕಿವಿಯವರೆಗೆ ಏರಿ ಇಳಿಯುತ್ತಿದ್ದವು.

“ಕಂದು... ಪಂಪು... ಕೊಡಸ... ಯವ್ವಾ.”

ನರ್ಸ್ ಶಕೀಲಾ ಓಡಿ ಬಂದು ತೋಳು ಹಿಡಿದರು. “ಆವೋ ಅಮ್ಮಾ, ಆವೋ. ಮೊದ್ಲು ಹೊಗೆ.” ಪಕ್ಕದ ಕೋಣೆಯ ಕಡೆಗೆ ಎಳೆದರು.

“ಮಷೀನು ಇಲ್ಲಿಗೆ ತನ್ನಿ,” ಎಂದೆ.

“ಕ್ಯಾ?”

“ಟೀವಿ ಕೋಣೆಗೆ ತನ್ನಿ. ಇಲ್ಲೇ ಕೊಡಿ. ಬೇಗ.”

ಶಕೀಲಾ ನನ್ನ ಮುಖ ನೋಡಿದರು, ಭೀಮಬಾಯಿಯ ಮುಖ ನೋಡಿದರು. ಆಮೇಲೆ ಹೋಗಿ ಮಷೀನನ್ನೇ ಎತ್ತಿಕೊಂಡು ಬಂದರು. ಕ್ಯಾಮೆರಾ ಎದುರಿನ ಕುರ್ಚಿಯಲ್ಲಿ ಭೀಮಬಾಯಿಯನ್ನು ಕೂರಿಸಿ ಮಾಸ್ಕ್ ಹಾಕಿದರು. ಗುರ್‌ರ್ ಎಂದು ಮೋಟಾರು ಶುರುವಾಯಿತು. ನಾನು ಲೈನ್ ಹಾಕಿದೆ.

ಸದ್ದು ಕೇಳಿ ಲಕ್ಷ್ಮಿಕಾಂತ ಒಳಗೆ ಬಂದರು. “ಏನ್ರೀ ಇದು? ತಲೆ ಕೆಟ್ಟಿದ್ಯಾ? ಇದೆಲ್ಲಾ ರೆಕಾರ್ಡ್ ಆಗುತ್ತೆ, ಫಂಡ್ ಕೊಡೋರು ನೋಡ್ತಾರೆ! ಆಚೆ ಕರ್ಕೊಂಡ್ಹೋಗಿ ಆಕೇನ!”

ನಾನು ಅವರಿಗೂ ಕುರ್ಚಿಗೂ ನಡುವೆ ಹೋಗಿ ನಿಂತೆ. ಒಳಗೆ ಏಳುತ್ತಿರುವುದು ಹೆದರಿಕೆಯೆಂದುಕೊಂಡೆ. ಅಲ್ಲ. ಅವರ ಇಸ್ತ್ರಿ ಶರ್ಟನ್ನು ಹಿಡಿದು ಹರಿದುಬಿಡಬೇಕೆನಿಸುವಷ್ಟು ಸಿಟ್ಟು.

“ಮುಟ್ಬೇಡಿ ಆಕೇನ,” ಎಂದೆ. ಅವರು ನಿಂತಲ್ಲೇ ನಿಂತರು.

ತೆರೆಯ ಮೇಲೆ ಚೌಕ ಚೌಕವಾಗಿ ಡಾಕ್ಟರ ಮುಖ ಕೂಡಿಕೊಂಡಿತು. ಅವರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಏನಾಯಿತು ಇವರಿಗೆ, ಕಳೆದ ಸಲ ಚೆನ್ನಾಗಿದ್ದರಲ್ಲ?

ಆ ಪ್ರಶ್ನೆಯನ್ನು ನಾನು ರೋಗಿಗೆ ದಾಟಿಸಬೇಕಿತ್ತು. ನಾನು ಕನ್ನಡ ಮಾಡಲಿಲ್ಲ, ನಾನೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಪ್ರತಿ ಸಲವೂ ಆಕೆ ಏದುಸಿರು ಬಿಡುತ್ತಲೇ ಬರುವುದು. ನಿಮಗೆ ತೋರಿಸುವ ಮೊದಲು ನೆಬ್ಯುಲೈಜ್ ಮಾಡುತ್ತೇವೆ. ಆಕೆಗೊಬ್ಬಳಿಗೇ ಅಲ್ಲ, ಎಲ್ಲರಿಗೂ.

ಅವರ ಮುಖ ಕೆಂಪಾಯಿತು. ಇದನ್ನು ನನಗೆ ಯಾರೂ ಯಾಕೆ ಹೇಳಲಿಲ್ಲ?

ಇವರಿಗೂ ಬೇರೆಯವರೇ ಹೇಳಬೇಕು! ಒಂದು ವರ್ಷದಿಂದ ಒಬ್ಬ ರೋಗಿಯೂ ಕೆಮ್ಮದ ಉಬ್ಬಸದ ಕ್ಲಿನಿಕ್ಕು ನಡೆಸುತ್ತಿದ್ದರಲ್ಲ, ಒಮ್ಮೆಯಾದರೂ ಅನುಮಾನ ಬರಲಿಲ್ಲವೇ?

“ಯೂ ನೆವರ್ ಆಸ್ಕ್ಡ್,” ಎಂದೆ.

ಅವರು ಶಕೀಲಾಗೆ ಆಕ್ಸಿಜನ್ ನೋಡಲು ಹೇಳಿದರು, ಗುಳಿಗೆ ನುಂಗಿಸಲು ಹೇಳಿದರು, ಆಟೋ ತರಿಸಿ ಆಸ್ಪತ್ರೆಗೆ ಸೇರಿಸಿ ಎಂದರು. ಆಟೋ ಬರುವಷ್ಟರಲ್ಲಿ ಭೀಮಬಾಯಿಗೆ ಸ್ವಲ್ಪ ಉಸಿರು ಹಿಂದಿರುಗಿತು. ಆಕೆ ಮಾಸ್ಕನ್ನು ಗಲ್ಲಕ್ಕೆ ಸರಿಸಿ, ಟೀವಿಯ ಕಡೆ ಬೆರಳು ಚಾಚಿದಳು.

“ಕಂದು ಪಂಪು ಬಿಡ್ಸಿದಂವ ಇವನೇನು? ನೋಡಪಾ, ನಿಂದು ಕಣ್ಣೋ ಗ್ವಾಲಿಯೋ? ರಾತ್ರಿ ಗ್ವಾಡಿಗಿ ಆನ್ಕೊಂಡು ಕುಂತು ಸಾಯ್ಲಕತ್ತೀನಿ. ನನ್ ಪಂಪು ನನಗ ಕೊಡು.”

ಡಾಕ್ಟರು ನನ್ನನ್ನು ನೋಡಿದರು. ಲಕ್ಷ್ಮಿಕಾಂತ ಕಿವಿಯ ಹತ್ತಿರ ಬಂದು, “ಥ್ಯಾಂಕ್ಸ್ ಹೇಳ್ತಿದಾಳೆ ಅನ್ರೀ, ಪ್ಲೀಸ್,” ಎಂದರು.

ನಾನು ಒಂದೊಂದೇ ಮಾತನ್ನು ಇಂಗ್ಲಿಷ್ ಮಾಡಿದೆ. ಗೋಲಿಯನ್ನೂ ಬಿಡಲಿಲ್ಲ, ಗೋಡೆಗೆ ಒರಗಿ ಸಾಯುವುದನ್ನೂ ಬಿಡಲಿಲ್ಲ.

ತೆರೆಯ ಮೇಲಿನ ಮುಖ ಅಲುಗಲಿಲ್ಲ. “ಲೈನ್ ಸ್ಟಕ್ ಆಯ್ತು,” ಎಂದರು ಲಕ್ಷ್ಮಿಕಾಂತ, ಆಸೆಯಿಂದ. ಆಗಿರಲಿಲ್ಲ. ಡಾಕ್ಟರು ಕಣ್ಣು ಮಿಟುಕಿಸಿದರು.

“ಎಲ್ಲಾ ಹೇಳಿದಿ?” ಭೀಮಬಾಯಿ ಕೇಳಿದಳು.

“ಎಲ್ಲಾ ಹೇಳ್ದೆ.”

“ಮತ್ತ ಸುಮ್ನ್ಯಾಕ ಕುಂತಾನ? ಪಂಪಿನ ಚೀಟಿ ಬರಿ ಅನ್ನು.”

ಅದನ್ನೂ ಹೇಳಿದೆ.