ಕೆಂಪಾದ ಅರಿಶಿನ ದಾರ

ಕೆಂಪೇ, ಕುಂಕುಮ ತಾಗಿರಬೇಕು, ಬೆವರಿಗೆ ಇಳಿದಿರಬೇಕು ಎಂದುಕೊಳ್ಳುತ್ತ ವರಲಕ್ಷ್ಮಿ ಕೊರಳ ತಾಳಿಯ ದಾರವನ್ನು ಬೆರಳಲ್ಲಿ ಉಜ್ಜಿದಳು, ಬೆಳಗ್ಗೆ ತಾನೇ ಅರಿಶಿನ ಹಚ್ಚಿದ ದಾರ, ಉಜ್ಜಿದಷ್ಟೂ ಕೆಂಪು — ಮುಂದೆ ಹುಣಸೆಹಣ್ಣಿನ ರಾಶಿ, ಬೀಜ ಬಿಡಿಸಿ ಕೋಲ್ಡ್ ಸ್ಟೋರೇಜಿಗೆ ಸೇರಿಸಬೇಕು, ಪಕ್ಕದಲ್ಲಿ ಕೂತ ರಾಮಕ್ಕನ ದಾರವೂ ಕೆಂಪಗಿದೆ, ಅವಳಿಗೆ ಗೊತ್ತೇ ಇಲ್ಲ. ದಾರ ಬಣ್ಣ ತಿರುಗಿದ್ರೆ ಗಂಡನ ಜೀವಕ್ಕೆ ಆಗ್ಬರಲ್ಲ ಕಣಮ್ಮೀ, ಅತ್ತೆ ಒಮ್ಮೆ ಅಂದಿದ್ದಳು, ಹಾಳು ಬಾಯಿ, ಇಬ್ಬರದೂ ಒಟ್ಟಿಗೆ ತಿರುಗುತ್ತದೆಯೇ, ರಾಮಕ್ಕನ ಗಂಡ ದೂರದ ಅಂಚೆಟ್ಟಿ ಊರಿನ ಹೊಲದಲ್ಲಿದ್ದಾನೆ, ತನ್ನ ಗಂಡ ಮುನಿಕೃಷ್ಣ ಇಲ್ಲೇ ಗೋಡೆಯಾಚೆ, ಮಿಷನ್ ರೂಮಿನಲ್ಲಿ, ಸ್ಟೋರೇಜನ್ನು ತಣ್ಣಗಿಡುವ ಅಮೋನಿಯಾ ಪೈಪುಗಳ ನಡುವೆ — ಅಮೋನಿಯಾ, ಅದೇ, ಅರಿಶಿನಕ್ಕೆ ಈ ಗ್ಯಾಸ್ ತಾಗಿದ್ರೆ ಕೆಂಪಾಯ್ತದೆ ಅಂತ ಅವನೇ ಅಂದಿದ್ದ. ವಾಸನೆ ಎಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಣ್ಣು ಉರಿದು ನೀರು ಸುರಿಯುತ್ತಿತ್ತು, ಈಗ ರೂಢಿಯಾಗಿ ಮೂಗೇ ಸತ್ತಿದೆ, ಅವನ ಮೂಗು ಅದಕ್ಕೂ ಮೊದಲೇ ಸತ್ತಿದೆ, ಅಲಾರಂ ಯಾವಾಗ್ಲೂ ಬಡ್ಕೊತದೆ ಅಂತ ಸೂಪರ್‌ವೈಸರ್ ವಯರ್ ಕಿತ್ತಿಟ್ಟಿದ್ದಾನೆ. ಏಳು ರಾಮಕ್ಕ, ಗ್ಯಾಸು — ಎಲ್ಲೇ, ನಂಗೇನೂ ನಾತ ಬರ್ತಿಲ್ವಲ್ಲ — ಏಳು ಅಂದ್ನಲ್ಲ. ಮಿಷನ್ ರೂಮಿನ ಬಾಗಿಲ ಕೆಳಗಿಂದ ಬೆಳ್ಳಗೆ ಮಂಜು ನೆಲ ಹಿಡಿದು ಹರಿದು ಬರುತ್ತಿದೆ, ಸದ್ದೇ ಇಲ್ಲದೆ, ಬಾಗಿಲು ಸ್ವಲ್ಪ ತೆರೆಯಿತು, ಒದ್ದೆ ಟವಲ್ ಕಟ್ಟಿದ ಗಂಡನ ಮುಖ, ಗಾಳಿಗೆ ಅಡ್ಡ ಓಡೇ, ವಾಲ್ವ್ ತಿರುಗಿಸ್ಬುಟ್ಟು ಬತ್ತೀನಿ, ನಿಲ್ಬೇಡ. ಬಾಗಿಲು ಮುಚ್ಚಿತು. ಅವಳು ಓಡಿದಳು.

ಹೆದ್ದಾರಿ ಪಕ್ಕದ ದಿಬ್ಬ, ಕಣ್ ತೊಳ್ಕೊಳ್ಳಿ ಅಂತ ಯಾರೋ ನೀರು ಹಿಡಿದಿದ್ದಾರೆ, ಫೈರ್ ಇಂಜಿನ್ ಹೊಸೂರಿಂದ ಬರಬೇಕಂತೆ, ಬರುತ್ತೀನಿ ಅಂದನಲ್ಲ, ಒಂದು ವಾಲ್ವ್ ತಿರುಗಿಸಲು ಎಷ್ಟು ಹೊತ್ತು, ಆ ಗ್ಯಾಸಿಗೆ ನೀರೆಂದರೆ ಆಸೆ, ಕಣ್ಣಿನ ನೀರು, ಗಂಟಲಿನ ಪಸೆ, ಕಂಕುಳ ಬೆವರು, ಒದ್ದೆಯಿದ್ದಲ್ಲೇ ಹಿಡಿದು ಸುಡುತ್ತದೆ, ಅವನಿಗೋ ಮೊದಲೇ ಬೆವರು ಜಾಸ್ತಿ. ರಾಮಕ್ಕ ಅವಳ ಕೊರಳು ನೋಡಿ ಕೈ ಮುಗಿದಳು, ನೋಡೇ, ಹಳದಿಗೆ ತಿರುಗ್ತು, ಏನೂ ಆಗಲ್ಲ ಅವನ್ಗೆ, ದೇವ್ರು ದೊಡ್ಡೋನು. ಹಳದಿಯೇ, ಹೌದು, ಬೆಳಗ್ಗೆ ಹಚ್ಚಿದಷ್ಟೇ ಹಳದಿ, ಇಲ್ಲಿ ಗಾಳಿ ಚೆನ್ನಾಗಿದೆ, ಗ್ಯಾಸ್ ಹಾರಿಹೋಗಿದೆ, ತನ್ನ ಕೊರಳಿಂದ ಹಾರಿಹೋಗಿದೆ, ಅವನಿರುವುದು ಅಲ್ಲಿ, ಕೆಂಪಗಿದ್ದಾಗ ಇಬ್ಬರೂ ಒಂದೇ ಗಾಳಿಯಲ್ಲಿದ್ದರು — ಕೆಳಗೆ ಮಿಷನ್ ರೂಮಿನ ಬಾಗಿಲು ತೆರೆದಿಲ್ಲ, ದಾರ ಹಳದಿ, ಬಾಗಿಲು ತೆರೆದಿಲ್ಲ, ಹಳದಿ