ಬೀಗರ ಮನೆಯ ಸಕ್ಕರೆ

ದಾವಣಗೆರೆಯ ಬೆಲ್ಲದ ಮಂಡಿಯಲ್ಲಿ ಕೆಂಚವೀರಪ್ಪನವರು ಬಾಯಿ ಬಿಟ್ಟು ‘ಹೂಂ’ ಅಂದದ್ದನ್ನು ಕೇಳಿದವರು ಕಡಿಮೆ. ‘ನೋಡೋಣ’ ಎಂಬ ಒಂದೇ ಮಾತಿನಲ್ಲಿ ಅರ್ಧ ಆಯುಷ್ಯ ವ್ಯಾಪಾರ ಮಾಡಿದ್ದರು, ಅದೇ ಜಾಣತನವೆಂದು ತಿಳಿದಿದ್ದರು. ದೇವರು ಮಾತ್ರ ಅವರನ್ನು ಚೆನ್ನಾಗಿ ಗೇಲಿ ಮಾಡಿದ್ದ. ಊರಿಗೆಲ್ಲ ಬೆಲ್ಲ ಮಾರುವವರಿಗೆ ಸಕ್ಕರೆ ಕಾಯಿಲೆ! ‘ಬೆಲ್ಲದ ಸಾಹುಕಾರ, ಬೇವಿನ ಬಾಯಿ’ ಎಂದು ತಮ್ಮನ್ನು ತಾವೇ ಹಂಗಿಸಿಕೊಳ್ಳುತ್ತಿದ್ದರು.

ವರ್ಷಗಟ್ಟಲೆ ಹೊಟ್ಟೆನೋವು ಕಾಡಿದ ಮೇಲೆ ಡಾಕ್ಟರು ಹೇಳಿದ್ದರು: “ಜಠರದ ಹಿಂದಿರೋ ಮೇದೋಜೀರಕ ಗ್ರಂಥಿ ಕಲ್ಲುಗಟ್ಟಿದೆ, ಸಾಹುಕಾರ್ರೆ. ರಕ್ತದ ಸಕ್ಕರೆ ಇಳಿಸೋ ಇನ್ಸುಲಿನ್ ಅಲ್ಲೇ ಹುಟ್ಟೋದು, ಇಳಿದದ್ದನ್ನ ಎತ್ತೋ ಗ್ಲುಕಗಾನ್ ಕೂಡ ಅಲ್ಲೇ. ನಿಮಗೆ ಎರಡೂ ಬತ್ತಿವೆ. ಇಳಿಸೋಕೆ ಸೂಜಿ ಇದೆ. ಎತ್ತೋಕೆ ನಿಮ್ಮ ಬಾಯೇ ಗತಿ. ಸೂಜಿ ತಗೊಂಡಮೇಲೆ ಊಟ ತಪ್ಪಿಸಿದ್ರೆ ಪ್ರಾಣಕ್ಕೇ ಬರುತ್ತೆ.”

ಕೆಂಚವೀರಪ್ಪನವರಿಗೆ ಚೆನ್ನಾಗಿಯೇ ಅರ್ಥವಾಯಿತು. ಮೂಟೆ ಇಳಿಸುವ ಹಮಾಲಿಯೂ ಎತ್ತುವ ಹಮಾಲಿಯೂ ಒಟ್ಟಿಗೆ ಕೆಲಸ ಬಿಟ್ಟಿದ್ದಾರೆ, ಇಳಿಸುವವನಿಗೆ ಮಾತ್ರ ಬದಲಿ ಸಿಕ್ಕಿದ್ದಾನೆ. ಅರ್ಥವಾದದ್ದು ಬೇರೆ, ಬುದ್ಧಿ ಬಂದದ್ದು ಬೇರೆ.

ಅರವತ್ತಾರನೆಯ ಇಸವಿಯಲ್ಲಿ ಮಗ ನಾಗರಾಜನಿಗೆ ಹರಿಹರದಲ್ಲಿ ಹೆಣ್ಣು ನೋಡಲು ಮೂವರೂ ಹೊರಟರು. ಬೆಳಿಗ್ಗೆ ಹೆಂಡತಿ ಗುರುಶಾಂತಮ್ಮ ಸೂಜಿ ಚುಚ್ಚಿ, ರೊಟ್ಟಿ ತಿನ್ನಿಸಿ, ಗಂಡನ ಜೇಬಿಗೆ ಕಲ್ಲುಸಕ್ಕರೆ ಹಾಕಿದರು.

“ಬೀಗರ ಮುಂದೆ ರೋಗದ ಸುದ್ದಿ ಎತ್ತಬ್ಯಾಡ,” ಎಂದು ಕೆಂಚವೀರಪ್ಪನವರು ಗದರಿದರು. ಅಪ್ಪನ ರೋಗ ಮಗನಿಗೂ ಬಂದೀತೆಂದು ಹೆಣ್ಣಿನವರು ಹಿಂದೆ ಸರಿದರೆ? ಹುಡುಗಿಯನ್ನು ನಾಗರಾಜ ಮೊದಲೇ ಮೆಚ್ಚಿಕೊಂಡಿದ್ದ. ಸಂಬಂಧ ತಪ್ಪಿದರೆ ಅವನ ಮುಖ ನೋಡುವ ಧೈರ್ಯ ತಮಗಿಲ್ಲವೆಂದು ಅವರಿಗೆ ಗೊತ್ತಿತ್ತು.

ಹುಡುಗಿ ಎಲ್ಲರಿಗೂ ಒಪ್ಪಿಗೆಯಾದಳು. ಗಂಡಿನ ತಂದೆ ಹೆಣ್ಣಿನ ಮನೆಯ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸಂಬಂಧ ಕುದುರಿದಂತೆ, ಊಟಕ್ಕೆ ಎಲೆ ಹಾಕುವುದು ಆಮೇಲೆಯೇ. ಒಳಗಿನಿಂದ ಹೋಳಿಗೆಯ ಘಮ ಬರುತ್ತಿತ್ತು. ಸಕ್ಕರೆಯ ತಟ್ಟೆ ಮುಂದೆಯೇ ಇತ್ತು.

“ಏನಂತೀರಿ, ಬೀಗ್ರೆ?” ಎಂದರು ಹುಡುಗಿಯ ತಂದೆ ಅಜ್ಜಪ್ಪ.

“ನೋಡೋಣ.”

ಬೇಗ ಹೂಂ ಅಂದರೆ ಬೆಲೆ ಕಡಿಮೆಯಾದೀತೆಂಬ ಮಂಡಿಯ ಚಟ. ಮಳೆ, ಹತ್ತಿ, ನೆಂಟರಿಷ್ಟರು ಎಂದು ಮಾತು ಬೆಳೆಸಿದರು. ಮಧ್ಯಾಹ್ನ ಜಾರಿತು. ಮೈ ಬೆವರಿತು, ಸಕ್ಕರೆ ಇಳಿಯುತ್ತಿದೆಯೆಂದು ಗೊತ್ತಾಯಿತು. ಗುರುಶಾಂತಮ್ಮ ಕಣ್ಸನ್ನೆ ಮಾಡಿದರು. ಜೇಬಿನ ಕಲ್ಲುಸಕ್ಕರೆ ತೆಗೆದರೆ ಗುಟ್ಟು ಬಯಲಾಗುತ್ತದೆ, ತಟ್ಟೆಯ ಸಕ್ಕರೆ ಮುಟ್ಟಿದರೆ ಗತ್ತು ಹೋಗುತ್ತದೆ. ಎರಡೂ ಬೇಡವೆಂದು ಮಹಾಜಾಣರು ಬಿಗಿಯಾಗಿ ಕೂತರು.

ಮುಂದಿನದು ಅವರಿಗೆ ಬೇರೆಯವರು ಹೇಳಿಯೇ ಗೊತ್ತು. ಎದ್ದು ಹೋಗಿ ಅಜ್ಜಪ್ಪನವರ ಬೋಳು ತಲೆಯನ್ನು ಬೆರಳಿನಿಂದ ತಟ್ಟಿದರಂತೆ.

“ಬಣ್ಣ ಚಲೋ ಐತೆ. ಒಳಗ ಬರೀ ಮರಳು. ಈ ಬೆಲ್ಲದ ಅಚ್ಚು ಬ್ಯಾಡ, ಗಾಡಿಗೆ ವಾಪಸ್ ಹೇರ್ರಿ!”

“ಕುಡ್ಕಂಡು ಬಂದಾರೇನ್ರಿ?” ಎಂದು ಅಜ್ಜಪ್ಪ ಹೌಹಾರಿದರಂತೆ.

“ಕುಡ್ದಿಲ್ರಿ, ಸೂಜಿ ತಗಂಡಾರೆ! ಬಾಯಿಗೆ ಸಕ್ರಿ ಹಾಕ್ರಿ!” ಎಂದು ಗುರುಶಾಂತಮ್ಮ ಚೀರಿದರು. ಕುಸಿದು ಕೂತವರ ಬಾಯಿಗೆ ಅಜ್ಜಪ್ಪನವರ ತಾಯಿ ಸರ್ವಮಂಗಳಮ್ಮ ತಟ್ಟೆಯ ಸಕ್ಕರೆಯನ್ನೇ ಹಿಡಿಹಿಡಿಯಾಗಿ ತುಂಬಿದರು.

ಮೈಮೇಲೆ ಎಚ್ಚರ ಬಂದಾಗ ಮೀಸೆಯ ತುಂಬ ಸಕ್ಕರೆ. ಮಗ ಮುಖ ಬಿಳಿಚಿಕೊಂಡು ಗೋಡೆ ಹಿಡಿದು ನಿಂತಿದ್ದ. ಎಲ್ಲ ಹಾಳು ಮಾಡಿದೆನಲ್ಲ ಎಂದುಕೊಂಡರು ಕೆಂಚವೀರಪ್ಪನವರು. ಜೀವಮಾನದಲ್ಲಿ ಮೊದಲ ಬಾರಿ ತೂಕ ನೋಡದೆ ಮಾತಾಡಿದರು.

“ಮುಚ್ಚಿಟ್ಟಿದ್ದು ತಪ್ಪಾತ್ರಿ, ಅಜ್ಜಪ್ಪನೋರೆ. ನನಗ ರೋಗ ಐತೆ. ಸಕ್ರಿ ಬಿದ್ರೆ ಎತ್ತೋರು ಒಳಗ ಯಾರೂ ಇಲ್ಲ. ಹುಡುಗಂದು ಏನೂ ತಪ್ಪಿಲ್ರಿ. ಕೊಡಾದು ಬಿಡಾದು ನಿಮಗ ಬಿಟ್ಟಿದ್ದು.”

ಅಜ್ಜಪ್ಪ ತಲೆ ಸವರಿಕೊಂಡರು. ಸರ್ವಮಂಗಳಮ್ಮ ಸೆರಗಿನಿಂದ ಬೀಗರ ಮೀಸೆ ಒರೆಸಿದರು.

“ಏನ್ ಬಿಡಾದು? ಈ ಮನಿ ಸಕ್ರಿ ಒಂದ್ ತಟ್ಟಿ ತಿಂದೀರಿ, ಸಂಬಂಧ ಆದಂಗೇ. ರೋಗ ಯಾರ ಮನ್ಯಾಗ ಇಲ್ಲ? ಆದ್ರ ಹೊಟ್ಟಿ ಹಸ್ದ್ರೂ ಬಾಯಿ ಬಿಡದ ಮಾವನ ಮನಿಗೆ ಮೊಮ್ಮಗಳನ್ನ ಹೆಂಗ್ ಕಳಿಸ್ಲಿ? ಹಸಿವಾದಾಗ ಹಸಿವು ಅಂತೀರೇನು?”

ಅಭ್ಯಾಸಬಲದಿಂದ ‘ನೋಡೋಣ’ ನಾಲಿಗೆಯ ತುದಿಗೆ ಬಂತು. ಉಳಿದ ಸಕ್ಕರೆಯ ಜೊತೆ ಅದನ್ನೂ ನುಂಗಿದರು.

“ಹೂಂನ್ರಿ, ಅವ್ವಾರೆ,” ಅಂದರು ಕೆಂಚವೀರಪ್ಪ. “ಈಗ್ಲೂ ಹಸಿವಾಗೈತೆ.”